ಕಾಲರ್ ನಿನ್ನದು, ತೋಳು ನನ್ನದು

ಫೆಬ್ರವರಿ 11

ತೋಳಕ್ಕಾ,

ಫೋನು ಬೇಡ ಎಂದು ನೀನು ಹೇಳಿದ್ದು ಸರಿಯಾಗಿಯೇ ಇದೆ. ಇಷ್ಟು ವರ್ಷ ಮಷಿನ್ನುಗಳ ಸದ್ದಿನಲ್ಲಿ ಅಕ್ಕಪಕ್ಕ ಕೂತು ಇಬ್ಬರ ಕಿವಿಯೂ ಮಂದ. ಹೋದ ವಾರ ನಾವು ಫೋನಿನಲ್ಲಿ ಆಡಿದ ಗುಟ್ಟು ನಮ್ಮ ಕಟ್ಟಡದ ಎಲ್ಲ ಮಹಡಿಗೂ ಗೊತ್ತಾಗಿದೆ. ಮೇಲಿನ ಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಿ, "ನಿಮ್ಮ ಫ್ರೆಂಡ್ ಸೊಸೆ ಅಷ್ಟೊಂದು ಒಳ್ಳೆಯವಳಾ?" ಎಂದು ಕೇಳಿದಳು. ಕಾಗದವೇ ವಾಸಿ.

ನಮ್ಮ ಶರ್ಟಿನ ಫ್ಯಾಕ್ಟರಿ ಬಾಗಿಲು ಮುಚ್ಚಿತು, ನೀನು ಮಗನ ಊರಿಗೆ ಹೊರಟುಹೋದೆ, ಬಚಾವಾದೆ. ನಾನಿಲ್ಲಿ ಬೆಳಗ್ಗೆ ಎದ್ದು ಅಭ್ಯಾಸಬಲದಿಂದ ಡಬ್ಬಿ ಕಟ್ಟಿಕೊಂಡು ಕೆಲಸ ಹುಡುಕಲು ಹೋಗುತ್ತೇನೆ. ಮಧ್ಯಾಹ್ನ ಪಾರ್ಕಿನ ಬೆಂಚಿನಲ್ಲಿ ಡಬ್ಬಿ ಬಿಚ್ಚಿ ತಿಂದು ವಾಪಸ್ಸು ಬರುತ್ತೇನೆ. ಇವರು ಲಾರಿ ತೆಗೆದುಕೊಂಡು ಹೋದರೆ ವಾರಗಟ್ಟಲೆ ಬರುವುದಿಲ್ಲ, ಮನೆಯಲ್ಲಿ ನಾನು ಮತ್ತು ಅತ್ತೆ. ಅತ್ತೆ ಇದನ್ನು "ಪಿಕ್ನಿಕ್ಕು" ಎನ್ನುತ್ತಾರೆ. "ಇವತ್ತೆಲ್ಲಿಗಮ್ಮಾ ಪಿಕ್ನಿಕ್ಕು?" ಎಂದು ದಿನಾ ಕೇಳುತ್ತಾರೆ.

ಎಲ್ಲ ಕಡೆ ಒಂದೇ ರಾಗ. ಊರಾಚೆಯ ದೊಡ್ಡ ಗಾರ್ಮೆಂಟ್ಸಿಗೆ ಹೋದೆ. ಟೈ ಕಟ್ಟಿಕೊಂಡವನೊಬ್ಬ ಕೂತಿದ್ದ.

"ಏನು ಕೆಲಸ ಬರುತ್ತೆ ನಿಮಗೆ?"

"ಕಾಲರ್."

"ಅದಾಯ್ತು. ಬೇರೆ?"

"ಬಿಳಿ ಕಾಲರ್, ಗೀಟಿನ ಕಾಲರ್, ಚೌಕಳಿ ಕಾಲರ್..."

ಮನುಷ್ಯ ನಗಲೂ ಇಲ್ಲ. ಎದ್ದು ಗಾಜಿನಾಚೆ ಕೈ ತೋರಿಸಿದ. ಅಲ್ಲೊಂದು ಮಷಿನ್ನು ಯಾರ ಕೈಯೂ ಸೋಕದೆ ಕಾಲರ್ ಹೊಲಿದು ಹೊಲಿದು ಉಗುಳುತ್ತಿತ್ತು. ಹೊಟ್ಟೆ ಉರಿಯಿತು ಅಕ್ಕಾ. ಆದರೆ ಮೂಲೆ ಮಾತ್ರ ನನ್ನಷ್ಟು ಚೂಪಾಗಿರಲಿಲ್ಲ. ಅದನ್ನೂ ಹೇಳಿದೆ. "ಜನ ಅಷ್ಟೆಲ್ಲ ನೋಡಲ್ಲಮ್ಮ" ಎಂದ.

ಆಸ್ಪತ್ರೆಯ ಲಾಂಡ್ರಿಯಲ್ಲಿ ವಯಸ್ಸು ಕೇಳಿದರು. ಬಿಸ್ಕತ್ತು ಪ್ಯಾಕ್ ಮಾಡುವಲ್ಲಿ ಹೆಸರು ಕೇಳಿದರು, ಗಡಿಬಿಡಿಯಲ್ಲಿ "ಕಾಲರ್" ಎಂದುಬಿಟ್ಟೆ! ನಮ್ಮ ಲೈನಿನಲ್ಲಿ ಯಾರು ಯಾವ ತುಂಡು ಹೊಲಿಯುತ್ತಾರೋ ಅದೇ ಅವರ ಹೆಸರು ಎಂದು ಆ ಪುಣ್ಯಾತ್ಮನಿಗೆ ಬಿಡಿಸಿ ಹೇಳುವಷ್ಟರಲ್ಲಿ ನನ್ನ ಹಿಂದೆ ನಿಂತಿದ್ದವಳಿಗೆ ಕೆಲಸ ಸಿಕ್ಕಿಯಾಗಿತ್ತು.

ಬೇಜಾರೇನೂ ಇಲ್ಲ ಎಂದು ಬರೆಯೋಣವೆಂದಿದ್ದೆ. ಇದೆ. ಏನಾದರೂ ತಮಾಷೆ ಕಂಡರೆ ಈಗಲೂ ಎಡಕ್ಕೆ ತಿರುಗುತ್ತೇನೆ, ನಿನಗೆ ಹೇಳಲು. ಅಲ್ಲಿ ಗೋಡೆ ಇರುತ್ತದೆ.

ಹುಡುಕುವುದೇ ಕೆಲಸವಾಗಿರುವ
ಕಾಲರ್


ಫೆಬ್ರವರಿ 20

ಲೇ ಕಾಲರ್,

ಕವರಿನ ಮೇಲೆ "ತೋಳಕ್ಕನಿಗೆ" ಎಂದು ಬರೆದಿದ್ದೀಯ. ಅಂಚೆಯವನು ಅರ್ಧ ಬೀದಿ ಕೇಳಿಕೊಂಡು ಬಂದ. ಇನ್ನು ಮೇಲೆ ಮಗನ ಹೆಸರು ಬರಿ, ಮಾರಾಯ್ತಿ.

ಇಲ್ಲಿ ಎಲ್ಲ ಚೆನ್ನಾಗಿದೆ. ಚೆನ್ನಾಗಿರುವುದೇ ತೊಂದರೆ. ನನಗೊಂದು ಕೋಣೆ, ಅದಕ್ಕೊಂದು ಕಿಟಕಿ, ಕಿಟಕಿಗೊಂದು ಕುರ್ಚಿ. ಸೊಸೆ, "ನೀವು ಕೂತ್ಕೊಳ್ಳಿ ಅತ್ತೆ" ಎನ್ನುತ್ತಾಳೆ. ಮಗ, "ದುಡಿದಿದ್ದು ಸಾಕಮ್ಮ, ಕೂತ್ಕೋ" ಎನ್ನುತ್ತಾನೆ. ಇನ್ನೂ ಶಾಲೆಗೆ ಸೇರದ ಮೊಮ್ಮಗಳು ಕೂಡ, "ಅಜ್ಜಿ ಕೂತ್ಕೋ" ಎನ್ನುತ್ತಾಳೆ. ಕೂತಿದ್ದೇನೆ. ಫ್ಯಾಕ್ಟರಿಯಲ್ಲೂ ಕೂತೇ ಇದ್ದೆ, ಆದರೆ ಅಲ್ಲಿ ಕೈ ಆಡುತ್ತಿತ್ತು. ಇಲ್ಲಿ ಕೈಯನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ತಟ್ಟೆ ತೊಳೆಯಲು ಹೋದರೆ ಸೊಸೆ ನನ್ನ ಕೈಯಿಂದ ಕಸಿದುಕೊಂಡು ನಗುತ್ತಾಳೆ. ಜಗಳವಾಡುವ ಸೊಸೆಯಾಗಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

ನಾನೂ ಒಂದು ಸಲ ಕೆಲಸ ಕೇಳಿದೆ, ಯಾರಿಗೂ ಹೇಳಬೇಡ. ಮಾರುಕಟ್ಟೆಯಲ್ಲೊಂದು ಸಿದ್ಧ ಉಡುಪಿನ ಅಂಗಡಿ. ಗಲ್ಲಾದಲ್ಲಿದ್ದವಳು, "ಕೆಲಸ ಯಾರಿಗಜ್ಜಿ, ಮಗಳಿಗಾ?" ಎಂದಳು. ಹೂಂ ಎಂದು ಬಂದುಬಿಟ್ಟೆ.

ನನ್ನ ಕೈಗೆ ಇನ್ನು ಕೆಲಸವಿಲ್ಲ ಎಂದು ಒಪ್ಪಿಕೊಂಡಿದ್ದೇನೆ. ನೀನು ಒಪ್ಪಿಕೊಳ್ಳಬೇಡ. ನನಗಿಂತ ಚಿಕ್ಕವಳು, ನಿನ್ನ ಬಾಯಿಗಂತೂ ಇನ್ನೂ ವಯಸ್ಸೇ ಆಗಿಲ್ಲ. ದೊಡ್ಡ ಕಂಪನಿಗಳ ಬಾಗಿಲು ಕಾದದ್ದು ಸಾಕು. ಸಣ್ಣ ಟೈಲರ್ ಅಂಗಡಿಗಳಲ್ಲಿ ಕೇಳು. ಅಲ್ಲಿ ಮೂಲೆ ನೋಡುವ ಜನ ಇರುತ್ತಾರೆ.

ತೋಳು


ಮಾರ್ಚ್ 15

ಅಕ್ಕಾ,

ಸಿಕ್ಕಿತು! ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಬ್ಬ ವಯಸ್ಸಾದ ಟೈಲರ್ ಮಾಸ್ತರರಿದ್ದಾರೆ. ಕೊರಳಲ್ಲಿ ಅಳತೆ ಟೇಪು, ತುಟಿಗಳ ನಡುವೆ ಗುಂಡುಸೂಜಿ, ಹಾಗಾಗಿ ಮಾತು ಕಮ್ಮಿ.

"ಶರ್ಟು?" ಎಂದರು.

"ಇಪ್ಪತ್ತು ವರ್ಷದಿಂದ" ಎಂದೆ.

ಸುಳ್ಳೇನು ಹೇಳು? ಅವರು ಕತ್ತರಿಸಿ ಕೊಡುತ್ತಾರೆ, ನಾನು ಮನೆಯಲ್ಲಿ ಹೊಲಿದು ತರಬೇಕು. ಮೊದಲನೆಯದು ಅವರಿಗೆ ಒಪ್ಪಿಗೆಯಾದರೆ ಕೆಲಸ ಗಟ್ಟಿ. ಖುಷಿಯಲ್ಲಿ ನಡೆದು ಬಂದೆನೋ ಹಾರಿ ಬಂದೆನೋ ಗೊತ್ತಿಲ್ಲ. ತುಂಡುಗಳನ್ನು ಮಂಚದ ಮೇಲೆ ಹರಡಿದೆ. ಆಗ ಗೊತ್ತಾಯಿತು ನೋಡು, ಇಡೀ ಶರ್ಟನ್ನು ನಾನು ಇವತ್ತಿನವರೆಗೆ ಹೊಲಿದೇ ಇಲ್ಲ!

ಕಾಲರ್ ಮುಗಿಯಿತು, ಟೀ ಆರುವುದರೊಳಗೆ. ಕಫ್ ಎಂದರೆ ಕಾಲರಿನ ತಂಗಿ, ಅದೂ ಆಯಿತು. ಜೇಬು ಹೇಗೋ ಕೂತಿತು. ಭುಜ ಜೋಡಿಸಿದೆ. ಆಮೇಲೆ ತೋಳು ಹಿಡಿದೆ. ಮೊದಲ ಸಲ ಬಲಗೈಯದನ್ನು ಎಡಕ್ಕೆ ಕೂರಿಸಿದೆ. ಬಿಚ್ಚಿದೆ. ಎರಡನೆಯ ಸಲ ಭುಜದ ಮೇಲೆ ಹೂಕೋಸು ಅರಳಿದ ಹಾಗೆ ನಿರಿಗೆ. ಬಿಚ್ಚಿದೆ. ಮೂರನೆಯ ಸಲ ನಿರಿಗೆ ಬಾರದ ಹಾಗೆ ಎಳೆದು ಎಳೆದು ಹೊಲಿದೆ. ಅತ್ತೆ ಅದನ್ನು ಎತ್ತಿ ಹಿಡಿದು, "ಇದನ್ನ ಹಾಕ್ಕೊಳ್ಳೋನು ಜೀವನಪೂರ್ತಿ ಕೈ ಹಿಂದಕ್ಕೆ ಕಟ್ಕೊಂಡೇ ಓಡಾಡ್ಬೇಕು" ಎಂದರು. "ನಿಮ್ಮ ಮಷಿನ್ನು ಹಳೇದು ಅತ್ತೆ" ಎಂದೆ. "ಹೌದಮ್ಮಾ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ಆದ್ದರಿಂದ ಅಕ್ಕಾ, ಬಸ್ಸಿನ ಪಾರ್ಸಲ್ಲಿನಲ್ಲಿ ಒಂದು ಶರ್ಟು ಬರುತ್ತಿದೆ. ಕಾಲರ್ ಇದೆ, ಕೈಯಿಲ್ಲ. ಎರಡು ತೋಳೂ ಪಕ್ಕದಲ್ಲಿ ಮಡಿಸಿಟ್ಟಿದ್ದೇನೆ. ನೀನು ಅವನ್ನು ಕೂರಿಸಿ ಕಳಿಸಿದರೆ ಸಾಕು, ಪಕ್ಕದ ಹೊಲಿಗೆ ನಾನು ಮುಚ್ಚಿಕೊಳ್ಳುತ್ತೇನೆ. ಬೈದುಕೊಂಡೇ ಹೊಲಿ, ಆದರೆ ಹೊಲಿ.

ಮಾನ ನಿನ್ನ ಕೈಯಲ್ಲಿಟ್ಟ
ಕಾಲರ್


ಮಾರ್ಚ್ 18

ಕಾಲರ್,

ಬೈದೆ. ಹೊಲಿದೆ. ಪಾರ್ಸಲ್ ಇವತ್ತಿನ ಬಸ್ಸಿಗೇ ಹಾಕಿಸಿದ್ದೇನೆ.

ಇಲ್ಲಿ ಮಷಿನ್ನಿಲ್ಲ, ಕೈಯಲ್ಲೇ ಹೊಲಿದಿದ್ದೇನೆ. ತೋಳು ಎಲ್ಲಿ ಕೂರಬೇಕೆಂದು ಬೆರಳಿಗೆ ಗೊತ್ತಿದೆ, ಮಷಿನ್ನಾದರೇನು, ಸೂಜಿಯಾದರೇನು. ಬಟ್ಟೆಯಲ್ಲಿ ನೀನು ಬಿಚ್ಚಿದ ತೂತುಗಳು ಜರಡಿಯ ಹಾಗಿದ್ದವು. ಒದ್ದೆ ಬಟ್ಟೆಯಿಂದ ಒರೆಸಿ ಉಗುರಿನಲ್ಲಿ ತೀಡಿ ಮುಚ್ಚಿದ್ದೇನೆ. ಪುಣ್ಯಕ್ಕೆ ಬಟ್ಟೆ ಒಳ್ಳೆಯದು.

ಸೊಸೆ ಎರಡು ಸಲ ಬಂದು, "ಏನತ್ತೆ ಅದು?" ಎಂದಳು. "ಗೆಳತಿಯ ಮಾನ" ಎಂದೆ. ನಕ್ಕು ಹೋದಳು. ಊಟಕ್ಕೆ ಕರೆದರೆ ನನಗೆ ಕೇಳಿಸಲೇ ಇಲ್ಲವಂತೆ.

ತೋಳು


ಮಾರ್ಚ್ 27

ಅಕ್ಕಾ,

ಕೆಲಸ ಗಟ್ಟಿಯಾಯಿತು. ಆದರೆ ಮೊದಲು ನನ್ನ ಹೊಟ್ಟೆಕಿಚ್ಚಿನ ವಿಷಯ ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಮಾಸ್ತರು ಶರ್ಟನ್ನು ಬೆಳಕಿಗೆ ಹಿಡಿದರು. ಕಾಲರಿನ ಮೂಲೆ ಮುಟ್ಟಿದರು, ಬಿಟ್ಟರು. ಆಮೇಲೆ ಭುಜದ ಹತ್ತಿರ ಬಂದವರು ಅಲ್ಲೇ ನಿಂತುಬಿಟ್ಟರು. ಬಾಯಲ್ಲಿದ್ದ ಗುಂಡುಸೂಜಿಗಳನ್ನೆಲ್ಲ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. ಮಾತಾಡಲಿಕ್ಕೆ!

"ತೋಳು ಕೈಯಲ್ಲಿ ಕೂರಿಸಿದ್ದೀರಾ? ಯಾರಮ್ಮ ಈಗಿನ ಕಾಲದಲ್ಲಿ ಹೀಗೆ ಮಾಡ್ತಾರೆ? ಯಾರು ಕಲಿಸಿದ್ದು?"

"ನಮ್ಮಕ್ಕ" ಎಂದೆ.

"ದೊಡ್ಡ ಕೆಲಸಗಾರ್ತಿ" ಎಂದರು. ನನ್ನ ಕಾಲರಿನ ಬಗ್ಗೆ ಒಂದೇ ಒಂದು ಮಾತಿಲ್ಲ, ನೋಡು! ಬೇಕೆಂದೇ ಕಾಲರನ್ನು ಅವರ ಕಡೆ ತಿರುಗಿಸಿ ಇಟ್ಟೆ. ಮತ್ತೆ ಭುಜವನ್ನೇ ನೋಡಿದರು. ದಾರಿಯುದ್ದಕ್ಕೂ ನಿನ್ನ ಮೇಲೆ ಗೊಣಗಿಕೊಂಡು ಬಂದೆ. ಮನೆಗೆ ಬಂದ ಮೇಲೆ ಎಷ್ಟು ಹೆಮ್ಮೆಯಾಯಿತೆಂದರೆ ಅತ್ತೆಯ ಮುಂದೆ ಇನ್ನೊಂದು ಸಲ ಪೂರ್ತಿ ಹೇಳಿದೆ.

ಈಗ ಮತ್ತೆ ಎರಡು ಶರ್ಟು ಕೊಟ್ಟಿದ್ದಾರೆ. ಕಳಿಸುತ್ತಿದ್ದೇನೆ. "ಇಷ್ಟು ಹೊಲಿಗೆ ಕೂಲಿಗೆ ಅಷ್ಟು ಬಸ್ಸಿನ ಬಾಡಿಗೆ! ಮೂಗಿಗಿಂತ ಮೂಗುತಿ ಭಾರ" ಎನ್ನುತ್ತಾರೆ ಅತ್ತೆ. ಹೇಳಿಕೊಳ್ಳಲಿ. ನಿನ್ನ ಪಾಲು ಪಾರ್ಸಲ್ಲಿನ ತಳದಲ್ಲಿದೆ. ಬೇಡವೆಂದು ವಾಪಸ್ಸು ಕಳಿಸಿದರೆ ನಾನು ಬಸ್ಸು ಹತ್ತಿ ಬಂದು ಜಗಳವಾಡುತ್ತೇನೆ.

ಹೊಟ್ಟೆಕಿಚ್ಚಿನ
ಕಾಲರ್


ಏಪ್ರಿಲ್ 9

ಕಾಲರ್,

ನಿನ್ನ ಮಾಸ್ತರರ ಮಾತನ್ನು ಎರಡು ಸಲ ಓದಿದೆ. ಆಮೇಲೆ ಸೊಸೆಯ ಕೈಯಲ್ಲಿ ಒಂದು ಸಲ ಓದಿಸಿದೆ, ಕನ್ನಡಕ ಸಿಗುತ್ತಿಲ್ಲ ಎಂದು ಹೇಳಿ. ಕನ್ನಡಕ ತಲೆಯ ಮೇಲೇ ಇತ್ತು. ಅವಳು ಅದನ್ನು ನೋಡಿಯೂ ಜೋರಾಗಿ ಓದಿದಳು.

ನೀನು ಕಳಿಸಿದ ದುಡ್ಡಿನಲ್ಲಿ ಮೊಮ್ಮಗಳಿಗೆ ಬಣ್ಣದ ಪೆನ್ಸಿಲ್ ತಂದೆ. ಮಗ, "ದುಡ್ಡೆಲ್ಲಿತ್ತಮ್ಮ?" ಎಂದ. "ದುಡಿದೆ" ಎಂದೆ. ಆ ಒಂದು ಮಾತು ಹೇಳಿ ಎಷ್ಟು ದಿನವಾಗಿತ್ತು! ಅವನ ಮುಖ ಸ್ವಲ್ಪ ಸಣ್ಣಗಾಯಿತು, ಅಮ್ಮನನ್ನು ನೋಡಿಕೊಳ್ಳುವುದರಲ್ಲಿ ತನ್ನಿಂದ ಏನೋ ಕಮ್ಮಿಯಾಯಿತೇನೋ ಎನ್ನುವ ಹಾಗೆ. ಗಂಡಸರಿಗೆ ಇದು ಅರ್ಥವಾಗಲು ಹೊತ್ತು ಬೇಕು. ಸೊಸೆಗೆ ಆಗಲೇ ಅರ್ಥವಾಗಿದೆ. ಈಗ ಸಂಜೆ ಬಂದು ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಾಳೆ, ಆಫೀಸಿನ ಸುದ್ದಿ ಹೇಳುತ್ತಾಳೆ. "ಕೂತ್ಕೊಳ್ಳಿ ಅತ್ತೆ" ಅನ್ನುವುದನ್ನು ಬಿಟ್ಟಿದ್ದಾಳೆ.

ಆದರೂ ಹೀಗೆ ಎಷ್ಟು ದಿನ ನಡೆಯುತ್ತದೆ? ಒಂದು ದಿನ ಪಾರ್ಸಲ್ ತಪ್ಪಿದರೆ ನಿನ್ನ ಕೆಲಸಕ್ಕೇ ಸಂಚಕಾರ. ಕಲಿತುಕೋ. ಹೇಳುತ್ತೇನೆ ಕೇಳು.

ತೋಳಿನ ತಲೆ ಯಾವತ್ತೂ ಅದು ಕೂರುವ ಕಂಡಿಗಿಂತ ಒಂದಿಷ್ಟು ದೊಡ್ಡದಾಗಿಯೇ ಇರುತ್ತದೆ. ಅದು ಕತ್ತರಿಸಿದವರ ತಪ್ಪಲ್ಲ, ಮನುಷ್ಯನ ಭುಜ ದುಂಡಗಿರುವುದರಿಂದ ಹಾಗೆ. ನೀನು ಕಾಲರಿನವಳು, ಎರಡು ಅಂಚು ಸಮ ಬರಬೇಕು ಎಂದು ಹಟ ಹಿಡಿದು ಎಳೆಯುತ್ತೀಯ. ಇಲ್ಲಿ ಎಳೆಯಬಾರದು. ನಡುವೆ ಒಂದು ಗುರುತು ಮಾಡಿ ಅದನ್ನು ಭುಜದ ಹೊಲಿಗೆಗೆ ಸೇರಿಸು. ಮಷಿನ್ನಿನಲ್ಲಿ ತೋಳು ಕೆಳಗಿರಲಿ, ಶರ್ಟಿನ ಮೈ ಮೇಲಿರಲಿ. ಹೆಚ್ಚಾದ ಬಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ಉಣಿಸುತ್ತಾ ಹೋಗು, ಮಗುವಿಗೆ ತುತ್ತು ಕೊಡುವ ಹಾಗೆ. ಅವಸರ ಮಾಡಿದರೆ ಉಗುಳುತ್ತದೆ.

ಹಳೆಯ ಬಟ್ಟೆಯ ಮೇಲೆ ಮೊದಲು ಮಾಡು. ಗಿರಾಕಿಯ ಬಟ್ಟೆಯ ಮೇಲೆ ಅಲ್ಲ.

ತೋಳು


ಮೇ 6

ಅಕ್ಕಾ,

ಉಣಿಸಿದೆ. ಉಗುಳಿತು.

ಹಳೆಯ ದಿಂಬಿನ ಚೀಲಗಳನ್ನೆಲ್ಲ ಕತ್ತರಿಸಿ ತೋಳು ಮಾಡಿ ಹೊಲಿಯುತ್ತಿದ್ದೇನೆ. ಅತ್ತೆಯ ದಿಂಬಿಗೆ ಈಗ ಹೊದಿಕೆಯಿಲ್ಲ. "ದಿಂಬಿಗೂ ಕೈ ಬಂದ್ರೆ ನನ್ನ ಕತ್ತು ಹಿಸುಕುತ್ತೆ, ಹುಷಾರು!" ಎಂದರು. ನೀನು ಹೇಳಿದ್ದು ತಲೆಗೆ ಹೋಗಿದೆ, ಬೆರಳಿಗಿನ್ನೂ ಇಳಿದಿಲ್ಲ. ಬೆರಳು ಇಪ್ಪತ್ತು ವರ್ಷದಿಂದ ಸಮ ಸಮ ಎಂದುಕೊಂಡೇ ಬಂದಿದೆ, ಒಂದು ತಿಂಗಳಿಗೆ ಬುದ್ಧಿ ಬಾ ಎಂದರೆ ಎಲ್ಲಿಂದ ಬರಬೇಕು?

ಮಾಸ್ತರರಿಗೆ ಕೆಲಸ ಹೆಚ್ಚಾಗಿದೆ. "ಆ ಕೈಹೊಲಿಗೆ ತೋಳು" ಎಂದು ಕೇಳಿಕೊಂಡೇ ಗಿರಾಕಿಗಳು ಬರುತ್ತಿದ್ದಾರೆ. ಮೊನ್ನೆ ಒಬ್ಬರು ಕನ್ನಡಿ ಮುಂದೆ ಕೈಯೆತ್ತಿ ಕೈಯಿಳಿಸಿ, "ಎಲ್ಲೂ ಹಿಡಿಯಲ್ಲ ರೀ!" ಎಂದು ಕುಣಿದರು. ಮಾಸ್ತರು ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರಲ್ಲ, ಹಾಗಾಗಿತ್ತು.

ಈ ಸಲ ನಾಲ್ಕಿವೆ. ಕೈ ನೋಯಿಸಿಕೊಳ್ಳಬೇಡ.

ದಿಂಬು ಕತ್ತರಿಸುವ
ಕಾಲರ್


ಜೂನ್ 2

ಕಾಲರ್,

ಒಂದು ವಿಷಯ ಹೇಳಬೇಕು. ಎದುರಿಗಿದ್ದಿದ್ದರೆ ಹೇಳುತ್ತಿರಲಿಲ್ಲ, ನೀನು ನಡುವೆ ಬಾಯಿ ಹಾಕುತ್ತಿದ್ದೆ.

ಪಾರ್ಸಲ್ ಬರುವ ದಿನ ನನಗೆ ಹಸಿವಾಗುತ್ತದೆ. ಬೆಳಗ್ಗೆಯೇ ಎದ್ದು ತಲೆ ಬಾಚಿ ತಯಾರಾಗುತ್ತೇನೆ. ಬಸ್ಸಿನ ಕಚೇರಿಗೆ ನಾನೇ ನಡೆದು ಹೋಗುತ್ತೇನೆ. ಅಲ್ಲಿಯ ಗುಮಾಸ್ತ ಈಗ, "ಬಂತು ನಿಮ್ಮ ಕೆಲಸ" ಎನ್ನುತ್ತಾನೆ. ಪಾರ್ಸಲ್ ಎನ್ನುವುದಿಲ್ಲ, ಕೆಲಸ ಎನ್ನುತ್ತಾನೆ. ಮೊಮ್ಮಗಳು ಆಟದ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೆಲಸ ಹಂಚಿದಾಗ ನನಗೂ ಒಂದು ಕೊಟ್ಟಳು. "ಅಜ್ಜಿ ಆಫೀಸಿಗೆ ಹೋಗಲಿ" ಎಂದಳು. ಆವತ್ತು ಇಡೀ ದಿನ ನಗುತ್ತಲೇ ಇದ್ದೆ.

ಪಾರ್ಸಲ್ ಇಲ್ಲದ ವಾರ ಮತ್ತೆ ಕುರ್ಚಿ, ಕಿಟಕಿ. ಆಗ ನಾನು ಇವರ ಮನೆಯ ಸಾಮಾನುಗಳಲ್ಲಿ ಒಂದು. ಒರೆಸಿ ಇಡುತ್ತಾರೆ, ಪ್ರೀತಿಯಿಂದಲೇ ಒರೆಸುತ್ತಾರೆ. ಆದರೂ.

ಕಲಿ ಎಂದು ಬರೆದವಳೂ ನಾನೇ. ಕಲಿಯಬೇಕು ನೀನು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೀರಾ ಅವಸರವೇನೂ ಇಲ್ಲ, ಗೊತ್ತಾಯಿತಾ? ದಿಂಬಿನ ಚೀಲ ಇನ್ನಷ್ಟು ಹಾಳಾದರೂ ನಡೆಯುತ್ತದೆ.

ತೋಳು


ಜುಲೈ 1

ಅಕ್ಕಾ,

ನಾನು ಚೆನ್ನಾಗಿದ್ದೇನೆ. ಅತ್ತೆ ಚೆನ್ನಾಗಿದ್ದಾರೆ. ಇವರು ಬಂದು ಹೋದರು. ಕಳೆದ ವಾರ ಬಸ್ಸಿನವರ ಮುಷ್ಕರವಿತ್ತಲ್ಲ, ಅದಕ್ಕೇ ಪಾರ್ಸಲ್ ತಡವಾಯಿತು.

ಮೂರು ಶರ್ಟು ಕಳಿಸಿದ್ದೇನೆ. ತೋಳು ನನಗೆ ಇನ್ನೂ ಬರುತ್ತಿಲ್ಲ. ಸುತರಾಂ ಬರುತ್ತಿಲ್ಲ. ಬರುವ ಹಾಗೂ ಕಾಣುವುದಿಲ್ಲ. ಕೆಲವರ ಕೈಗೆ ಕೆಲವು ಕೆಲಸ ಹತ್ತುವುದೇ ಇಲ್ಲ, ಏನು ಮಾಡುವುದಕ್ಕಾಗುತ್ತದೆ? ಆದ್ದರಿಂದ ನೀನೇ ಗತಿ.

ಇಲ್ಲಿ ಮಳೆ ಜೋರಾಗಿದೆ.

ಕಾಲರ್


ಜುಲೈ 8

ಲೇ ಕಾಲರ್,

ಮೂರು ಶರ್ಟೂ ಇದರ ಜೊತೆ ವಾಪಸ್ಸು ಬಂದಿವೆ, ಪಾರ್ಸಲ್ ಬಿಚ್ಚಿ ನೋಡು.

ನೀನು ಬಿಸಿಲು ಮಳೆಯ ಸುದ್ದಿ ಬರೆದಾಗಲೇ ಅನುಮಾನ ಬಂದಿತ್ತು. ಇಷ್ಟು ವರ್ಷದಲ್ಲಿ ನೀನು ನನ್ನ ಹತ್ತಿರ ಹವಾಮಾನ ಮಾತಾಡಿದವಳಲ್ಲ. ನೀಲಿ ಶರ್ಟನ್ನು ಕೈಗೆತ್ತಿಕೊಂಡೆ. ಕಂಡಿಯ ಸುತ್ತ ಸಣ್ಣ ತೂತುಗಳ ಸಾಲು. ಒಂದೇ ಸಾಲು. ಮಷಿನ್ನಿನದು, ಅಂತರ ಎಲ್ಲ ಒಂದೇ ಸಮ. ತೋಳಿನ ತಲೆಯಲ್ಲೂ ಅದೇ ಸಾಲು. ಎರಡನ್ನೂ ಜೋಡಿಸಿ ಹಿಡಿದೆ. ನಡುವಿನ ಗುರುತು ಭುಜಕ್ಕೆ ಸರಿಯಾಗಿ ಬಂದು ಕೂತಿತು. ಒಂದು ನಿರಿಗೆಯ ಕಲೆಯಿಲ್ಲ. ಎಳೆದ ಕಲೆಯಿಲ್ಲ. ಉಳಿದೆರಡೂ ಹಾಗೆಯೇ.

ಮುಚ್ಚಲು ಪ್ರಯತ್ನಪಟ್ಟಿದ್ದೀಯ. ಒದ್ದೆ ಬಟ್ಟೆಯಲ್ಲಿ ಒರೆಸಿ, ಉಗುರಿನಲ್ಲಿ ತೀಡಿ. ಅದನ್ನು ನಿನಗೆ ಹೇಳಿಕೊಟ್ಟವರು ಯಾರು, ಮಾರಾಯ್ತಿ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀನು ಸಿಕ್ಕಿಬಿದ್ದದ್ದೇ ಹೆಗಲಿನಲ್ಲಿ.

ಚೆನ್ನಾಗಿ ಹೊಲಿದ ತೋಳನ್ನು ನನಗೋಸ್ಕರ ಬಿಚ್ಚಿದ್ದೀಯ. ಮೂರು ಶರ್ಟು, ಆರು ತೋಳು. ಎಷ್ಟು ಖುಷಿಯಾಯಿತೋ ಅಷ್ಟೇ ಅಳು ಬಂತು, ಸುಳ್ಳು ಹೇಳುವುದಿಲ್ಲ. ಸೊಸೆ ಗಾಬರಿಯಾಗಿ, "ಸೂಜಿ ಚುಚ್ಚಿತಾ ಅತ್ತೆ?" ಎಂದಳು. ಹೌದು ಎಂದೆ.

ನಿನ್ನ ತೂತುಗಳಲ್ಲೇ ನನ್ನ ಸೂಜಿ ಹಾಕಿ ಹೊಲಿದಿದ್ದೇನೆ. ಕೂದಲೆಳೆಯಷ್ಟೂ ಆಚೀಚೆ ಹೋಗುವ ಅಗತ್ಯ ಬೀಳಲಿಲ್ಲ. ಇದಕ್ಕಿಂತ ದೊಡ್ಡ ಶಹಭಾಸ್ ನನ್ನ ಹತ್ತಿರ ಇಲ್ಲ.

ಇನ್ನು ಕಳಿಸಬೇಡ. ಒಳ್ಳೆಯ ಹೊಲಿಗೆಯನ್ನು ಬಿಚ್ಚುವುದು ಪಾಪ.

ತೋಳು


ಜುಲೈ 12

ಅಕ್ಕಾ,

ಬಿಚ್ಚಿದೆ! ಏನೀಗ?

ನಡೆದದ್ದು ಕೇಳು. ಮುಷ್ಕರದ ವಾರ ಒಬ್ಬ ಗಿರಾಕಿ ಬಂದರು. ಬ್ಯಾಂಕಿನಲ್ಲಿದ್ದವರಂತೆ, ಕೆಲಸ ಹೋಗಿ ವರ್ಷವಾಯಿತಂತೆ. ಮರುದಿನ ಎಲ್ಲೋ ಸಂದರ್ಶನ, ಅದಕ್ಕೆ ಹೊಸ ಶರ್ಟು. "ನಾಳೆ ಬೆಳಗ್ಗೆ ಆಗುತ್ತಲ್ಲಮ್ಮ?" ಎಂದು ಕೇಳುವಾಗ ಅವರ ಕೈ ಕತ್ತಿನ ಹತ್ತಿರ ಹೋಗಿ ಸವೆದ ಕಾಲರನ್ನು ಮುಚ್ಚಿಕೊಳ್ಳುತ್ತಿತ್ತು. ಬಸ್ಸಿಲ್ಲ, ನೀನಿಲ್ಲ. ಆಗಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಮನೆಗೆ ಬಂದು ಕೂತೆ. "ಮಗೂಗೆ ತುತ್ತು, ಮಗೂಗೆ ತುತ್ತು" ಎಂದು ಬಾಯಲ್ಲಿ ಹೇಳಿಕೊಂಡೇ ಹೊಲಿದೆ. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಬಂತು ಅಕ್ಕಾ! ಎರಡು ತೋಳೂ ಮೊದಲನೆಯ ಸಲಕ್ಕೇ ಬಂತು! ಅತ್ತೆ ಶರ್ಟನ್ನು ಎತ್ತಿ ಹಿಡಿದು, ಬೈಯಲು ಏನೂ ಸಿಗದೆ, "ದಿಂಬಿನ ಚೀಲ ಹೊಸದು ತಂದುಕೊಡು" ಎಂದರು. ಮಾಸ್ತರು ನೋಡಿ, ಕೈಹೊಲಿಗೆಯಲ್ಲ ಎಂದು ಗೊತ್ತಾಗಿಯೂ, "ಆಗಬಹುದು" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು. ಆ ಮನುಷ್ಯ ಅದನ್ನೇ ಹಾಕಿಕೊಂಡು ನೆಟ್ಟಗೆ ಹೋದರು.

ಕುಣಿಯುತ್ತಾ ನಿನಗೆ ಕಾಗದ ಬರೆಯಲು ಕೂತೆ. ಅರ್ಧ ಬರೆದೆ. ಆಗ ನಿನ್ನ ಜೂನ್ ತಿಂಗಳ ಕಾಗದ ನೆನಪಾಯಿತು, ತೆಗೆದು ಓದಿದೆ. ತಲೆ ಬಾಚಿಕೊಂಡು ಬಸ್ಸಿನ ಕಚೇರಿಗೆ ಹೋಗುತ್ತೀಯಲ್ಲ, ಅದು ಕಣ್ಣಿಗೆ ಕಟ್ಟಿತು. ಬರೆದದ್ದನ್ನು ಹರಿದುಹಾಕಿದೆ. ಫ್ಯಾಕ್ಟರಿಯವರು ಒಂದು ಸಲ ನಿನ್ನ ಕೆಲಸ ಕಿತ್ತುಕೊಂಡರು. ಎರಡನೆಯ ಸಲ ಕಿತ್ತುಕೊಳ್ಳುವವಳು ನಾನಾಗಬೇಕಾ? ನೀನು ಕಲಿಸಿದ ವಿದ್ಯೆಯಿಂದಲೇ? ಮೊದಲನೆಯದು ಆಕಸ್ಮಿಕವೋ ಏನೋ ಎಂದು ಆ ಮೂರು ಶರ್ಟನ್ನೂ ಹೊಲಿದು ನೋಡಿದೆ, ಬಂತು, ಬಿಚ್ಚಿದೆ. ಒಳ್ಳೆಯ ಹೊಲಿಗೆ ಬಿಚ್ಚುವುದು ಪಾಪ ಎಂದು ನನಗೂ ಗೊತ್ತು. ಆದರೂ ಬಿಚ್ಚಿದೆ.

ಕಳಿಸಬೇಡ ಎಂದು ಬರೆದಿದ್ದೀಯ. ಕಳಿಸುವುದಿಲ್ಲ, ನಿನ್ನ ಮಾತು ಮೀರುವುದಿಲ್ಲ. ಆದರೆ ನೀನು ಕುರ್ಚಿ ಕಿಟಕಿ ಎಂದು ಕೂತುಬಿಟ್ಟರೆ ನನಗೆ ಇಲ್ಲಿ ಒಂದು ಹೊಲಿಗೆಯೂ ನೆಟ್ಟಗೆ ಬರುವುದಿಲ್ಲ, ತಿಳಿದುಕೋ. ಕೆಲಸ ಸಿಕ್ಕಿದ್ದಕ್ಕೆ ಪೂರ್ತಿ ಸಂತೋಷಪಡಲು ಬಿಡು ನನ್ನನ್ನು. ನಿನ್ನ ಕೈಗೆ ಕೆಲಸವಿಲ್ಲ ಎಂದು ಒಪ್ಪಿಕೊಳ್ಳಲು ನಿನಗೆ ಹೇಳಿದವರು ಯಾರು? ಆ ಗಲ್ಲಾದ ಹುಡುಗಿಯಾ?

ಸಿಟ್ಟು ಬಂದರೆ ಬೈದು ಬರಿ. ಬರೆಯದೆ ಮಾತ್ರ ಇರಬೇಡ.

ನಿನ್ನ
ಕಾಲರ್


ಆಗಸ್ಟ್ 30

ಕಾಲರ್,

ಬರೆಯಲು ತಡವಾಯಿತು. ಪುರುಸೊತ್ತಿರಲಿಲ್ಲ. ಈ ಮಾತು ಬರೆಯುವ ಖುಷಿಗೇ ತಡ ಮಾಡಿದೆ ಎಂದುಕೋ.

ನಿನ್ನ ಕಾಗದ ಓದಿ ನಾಲ್ಕು ದಿನ ಸಿಟ್ಟಿನಲ್ಲಿದ್ದೆ. ನನ್ನ ಮೇಲೆ ನೀನು ದಯೆ ತೋರಿಸುವಷ್ಟಾದೆಯಲ್ಲ ಎಂದು. ಐದನೆಯ ದಿನ ತಲೆ ಬಾಚಿಕೊಂಡೆ. ಪಾರ್ಸಲ್ ಇಲ್ಲದಿದ್ದರೂ ಬಾಚಿಕೊಂಡೆ. ಸೊಸೆ, "ನಾನೂ ಬರ್ಲಾ ಅತ್ತೆ?" ಎಂದಳು. ಬೇಡ ಎಂದೆ. ಬೀದಿಯ ತುದಿಯಲ್ಲಿ ಒಂದು ಡ್ರೈ ಕ್ಲೀನಿಂಗ್ ಅಂಗಡಿ ಇದೆ, ಪಾರ್ಸಲ್ ಬಂದಾಗಲೆಲ್ಲ ಅದರ ಮುಂದೆಯೇ ಬಸ್ಸಿನ ಕಚೇರಿಗೆ ಹೋಗುತ್ತಿದ್ದೆ. ನನ್ನ ವಯಸ್ಸಿನವಳೇ ಒಡತಿ, ಇಸ್ತ್ರಿ ಮಾಡುತ್ತಾ ನಿಂತಿದ್ದಳು.

"ಹೊಲಿಗೆಯವರು ಬೇಕಾ?" ಎಂದೆ.

"ಏನು ಬರುತ್ತೆ?"

ನಿನ್ನ ಹಾಗೆ ಇಪ್ಪತ್ತು ವರ್ಷ ಎನ್ನೋಣ ಎಂದುಕೊಂಡೆ. ಬಾಯಿಗೆ ಬರಲಿಲ್ಲ. "ತೋಳು" ಎಂದೆ.

"ತೋಳು?"

"ತೋಳು ಮಾತ್ರ. ಬೇರೇನೂ ಬರಲ್ಲ."

ಅವಳು ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಹಿಂದಿನ ಕೋಣೆಯಲ್ಲಿ ಒಂದು ರಾಶಿ. ಕೋಟು, ಶರ್ಟು, ಸ್ವೆಟರು. ಮೊಣಕೈ ಹರಿದದ್ದು, ತೋಳು ಉದ್ದವಾದದ್ದು, ಗಿಡ್ಡವಾದದ್ದು, ಕಂಕುಳು ಬಿಟ್ಟದ್ದು. "ಜನ ಮೊದಲು ಹರ್ಕೊಳ್ಳೋದೇ ತೋಳನ್ನ ಕಣ್ರೀ! ಕೂರಿಸೋರಿಲ್ಲದೆ ವಾಪಸ್ಸು ಕಳಿಸ್ತಾ ಇದ್ದೀನಿ" ಎಂದಳು. ಆವತ್ತೇ ಕೂತೆ. ಯಾರೂ ಕೂತ್ಕೋ ಎಂದು ಹೇಳಬೇಕಾಗಲಿಲ್ಲ.

ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ತನ್ನ ಕೋಟನ್ನು ಅಂಗಡಿಗೇ ತಂದು ಸರದಿಯಲ್ಲಿ ನಿಂತ. "ತೋಳು ಸ್ವಲ್ಪ ಉದ್ದ ಆಯ್ತು, ನೋಡಿ" ಎಂದ, ಗಿರಾಕಿಯ ಹಾಗೆ. "ಗುರುವಾರ ಬನ್ನಿ" ಎಂದೆ.

ನಿನ್ನೆ ಒಬ್ಬ ಮುದುಕರು ಬಂದರು. ಹಳೆಯ ಬಿಳಿ ಶರ್ಟು, ಕಾಲರ್ ಸವೆದು ಅಂಚು ಬಿಟ್ಟಿದೆ. ಕಾಲರ್ ಬಿಚ್ಚಿ ಮಗ್ಗುಲು ತಿರುಗಿಸಿ ಮತ್ತೆ ಹೊಲಿದರೆ ಇನ್ನೆಷ್ಟೋ ವರ್ಷ ಬರುತ್ತದೆ ಎನ್ನುತ್ತಾರೆ. ಹೆಂಡತಿ ಇದ್ದಾಗ ತಂದ ಶರ್ಟಂತೆ. "ನನಗೆ ಕಾಲರ್ ಬರಲ್ಲ" ಎಂದೆ. ಅವರ ಮುಖ ಸಪ್ಪೆಯಾಯಿತು. "ಬರೋರು ಒಬ್ಬರಿದ್ದಾರೆ, ನನ್ನ ತಂಗಿ. ಆದರೆ ಬೇರೆ ಊರಲ್ಲಿದ್ದಾಳೆ. ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರಬೇಕು, ವಾರ ಹಿಡಿಯುತ್ತೆ" ಎಂದೆ.

"ಕಾಯ್ತೀನಿ" ಎಂದರು.

ಪಾರ್ಸಲ್ಲಿನಲ್ಲಿದೆ. ಮೂಲೆ ಚೂಪಾಗಿ ಬರಲಿ, ಈ ಮನುಷ್ಯ ನೋಡುವವರು. ನಿನ್ನ ಕೂಲಿ ತಳದಲ್ಲಿದೆ, ವಾಪಸ್ಸು ಕಳಿಸಿದರೆ ನಾನು ಬಸ್ಸು ಹತ್ತುತ್ತೇನೆ. ಮತ್ತೆ, ಬಿಚ್ಚಿದ ತೂತು ಇದೆಯೇನೋ ಎಂದು ಕಾಲರಿನ ಸುತ್ತ ಹುಡುಕಬೇಡ. ಇಲ್ಲ. ನನಗೆ ನಿಜವಾಗಿಯೂ ಬರುವುದಿಲ್ಲ.

ನಿನ್ನ
ತೋಳು